ಮೇಜರನ ಉಣ್ಣೆ

ಭಾನುವಾರದ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಳ್ಳುವಾಗ ಶಿವಶಂಕರನಿಗೆ ತಾನು ಅಸಲಿ ಕೆಲಸಕ್ಕೆ ಮುಂಚೆ ಕೈ ಪಳಗಿಸಿಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ತನ್ನ ತಲೆಗೆ ಎರಡು ನಿಮಿಷ ಸಾಕು. ಅಲ್ಲಿ ಬಾಚಲು ಉಳಿದಿರುವುದೂ ಅಷ್ಟೆ. ಕಾರ್ಯದರ್ಶಿಗಳ ಮನೆಯ ಮೇಜರನಿಗೆ ನಾಲ್ಕು ತಾಸು ಬೇಕು. ಮೇಜರ್ ಎಂದರೆ ನಾಯಿ. ಎಂ. ಶಿವಶಂಕರ, ಎಂ.ಎ., ಬಿ.ಇಡಿ., ಕೊಟ್ಟೂರಿನ ಖಾಸಗಿ ಪ್ರೌಢಶಾಲೆಯೊಂದರ ಇಂಗ್ಲಿಷ್ ಮೇಷ್ಟ್ರು, ವಾರದ ಆರು ದಿನ ಮಕ್ಕಳ ತಲೆಯ ಸಿಕ್ಕು ಬಿಡಿಸಲು ನೋಡಿ ಸೋತು, ಏಳನೆಯ ದಿನ ನಾಯಿಯ ಮೈಯ ಸಿಕ್ಕು ಬಿಡಿಸಿ ಗೆದ್ದು ಬರುತ್ತಿದ್ದ. ಒಂದು ವರ್ಷದಿಂದ ಹೀಗೆ ನಡೆದಿತ್ತು. ಯಾರೂ ಅವನಿಗೆ ಇದನ್ನು ಮಾಡು ಎಂದು ಹೇಳಿರಲಿಲ್ಲ. ಅಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳುವಷ್ಟು ಸಣ್ಣ ಮನುಷ್ಯರಾಗಿರಲಿಲ್ಲ ಕಾರ್ಯದರ್ಶಿ ವೀರಭದ್ರಯ್ಯನವರು. ‘ಮೇಷ್ಟ್ರ, ಮೇಜರ್ ಯಾಕೋ ನಿಮ್ಮನ್ನ ಬಾಳ ನೆನಸ್ತದ’ ಎಂದು ಒಮ್ಮೆ ಅಂದಿದ್ದರು. ನೆನೆಸುವವರ ಮನೆಗೆ ಹೋಗದೆ ಇರಲಾದೀತೇ.

‘ಹೊಂಟ್ರೇನು?’ ಒಲೆಯ ಮುಂದೆ ಕುಳಿತ ಭಾಗ್ಯ ತಿರುಗಿ ನೋಡದೆ ಕೇಳಿದಳು. ‘ಲಗ್ನಾಗಿ ಐದು ವರ್ಷ ಆತು, ನನ್ನ ತಲಿಗೆ ಒಂದಿನಾ ಎಣ್ಣಿ ಮುಟ್ಟಸ್ಲಿಲ್ಲ. ಆ ನಾಯಿಗೆ ಬೈತಲಿ ತಗದು ಬರ್ತೀರಿ.’

‘ನಾಳೆ ಲಿಸ್ಟ್ ಹೋಗ್ತತಿ ಭಾಗ್ಯ. ಸುಮ್ನಿರು.’

‘ಹೋಗ್ಲಿ ಬಿಡ್ರಿ. ಲಿಸ್ಟಿನಾಗ ನಿಮ್ಮ ಹೆಸರು ಮ್ಯಾಲೋ, ಮೇಜರಂದು ಮ್ಯಾಲೋ ನೋಡ್ಕೊಂಡು ಬರ್ರಿ.’

ಲಿಸ್ಟು ಎಂದರೆ ಅನುದಾನದ ಲಿಸ್ಟು. ಏಳು ವರ್ಷ ಸರ್ಕಾರದ ಕಣ್ಣಿಗೆ ಬೀಳದೆ ನಡೆದ ಶಾಲೆ ಈಗ ಬಿದ್ದಿತ್ತು. ಐದು ಜನ ಶಿಕ್ಷಕರ ಹೆಸರನ್ನು ಕಾರ್ಯದರ್ಶಿ ಬರೆದು ರುಜು ಹಾಕಿ ಸೋಮವಾರ ಇಲಾಖೆಗೆ ಕಳಿಸಬೇಕು, ಇದ್ದವರು ಎಂಟು. ಆ ಎಂಟು ಜನರಲ್ಲಿ ಒಬ್ಬರು ಕಾರ್ಯದರ್ಶಿಗಳ ಶೇಂಗಾ ಮಿಲ್ಲಿನ ಲೆಕ್ಕ ನೋಡುತ್ತಿದ್ದರು, ಒಬ್ಬರು ಮೊಮ್ಮಗಳಿಗೆ ಮನೆಪಾಠ ಹೇಳುತ್ತಿದ್ದರು, ಒಬ್ಬರು ಅವರು ಹೇಳಿದ ಹಾಸ್ಯಕ್ಕೆ ಎಲ್ಲರಿಗಿಂತ ಮೊದಲು ನಗುತ್ತಿದ್ದರು. ತನ್ನದು ಇವೆಲ್ಲಕ್ಕಿಂತ ಘನವಾದ ಕೆಲಸ ಎಂದು ಶಿವಶಂಕರ ತನಗೆ ತಾನೇ ಒಪ್ಪಿಸಿಕೊಂಡಿದ್ದ. ಏಕೆಂದರೆ ಅದು ಇಂಗ್ಲಿಷಿನಿಂದ ಬಂದದ್ದು. ಬೆಂಗಳೂರಿನ ಬೀಗರು ದೊಡ್ಡ ಮನೆ ಮಾರಿ ಚಿಕ್ಕ ಮನೆಗೆ ಹೋಗುವಾಗ ನಾಯಿಯ ಜೊತೆ ಒಂದು ಕಬ್ಬಿಣದ ಹಲ್ಲಿನ ಬ್ರಷ್ಷನ್ನೂ ಒಂದು ಇಂಗ್ಲಿಷ್ ಪುಸ್ತಕವನ್ನೂ ಕಳಿಸಿದ್ದರು. ‘ಇದನ್ನ ಓದಿ ನಮಗ ತಿಳಿಸಿ ಹೇಳ್ರಿ ಮೇಷ್ಟ್ರ’ ಎಂದು ವೀರಭದ್ರಯ್ಯನವರು ಅದನ್ನು ಅವನ ಕೈಗಿಟ್ಟಿದ್ದರು. ಆ ಶಾಲೆಯಲ್ಲಿ ಅವನ ಇಂಗ್ಲಿಷಿನಿಂದ ಒಬ್ಬರಿಗೆ ಪ್ರಯೋಜನವಾದದ್ದು ಅದೇ ಮೊದಲು.

ಪುಸ್ತಕದ ಪ್ರಕಾರ ಮೇಜರನ ಜಾತಿ ಹಿಮದ ಪರ್ವತಗಳದು. ಹಿಮದಲ್ಲಿ ದಾರಿ ತಪ್ಪಿದವರನ್ನು ಹುಡುಕಿ ಬದುಕಿಸುವುದು ಅದರ ಕುಲಕಸುಬು. ಐಸ್‌ಕ್ಯಾಂಡಿಯ ಡಬ್ಬಿ ಬಿಟ್ಟರೆ ಬೇರೆ ಹಿಮ ಕಾಣದ ಕೊಟ್ಟೂರಿನಲ್ಲಿ ಅದಕ್ಕೆ ಮಾಡಲು ಉದ್ಯೋಗವಿರಲಿಲ್ಲ. ಶೇಂಗಾ ತೂಗುವ ಕಾಟಾದ ಮೇಲೆ ನಿಲ್ಲಿಸಿದಾಗ ಎಂಬತ್ತೆರಡು ಕಿಲೋ ಬಂದ ಈ ಪ್ರಾಣಿ, ಎರಡು ಪದರದ ಕೂದಲು ಹೊದ್ದು, ನಾಲಗೆಯನ್ನು ಒಣಗಲು ಹಾಕಿದಂತೆ ಇಳಿಬಿಟ್ಟು, ಮಿಲ್ಲಿನ ಹಿಂದಿನ ಅಂಗಳದ ಬೇವಿನ ಮರದಡಿ ದಿನವಿಡೀ ಮಲಗಿರುತ್ತಿತ್ತು. ಊರಿನವರು ಮೊದಲ ತಿಂಗಳು ಅದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬಂದರು. ಕರಡಿ ಎಂದರು, ಕರು ಎಂದರು. ತಾನು ಯಾರೆಂಬುದು ಗೊತ್ತಿದ್ದೂ ಹೇಳಿಕೊಳ್ಳಲು ಭಾಷೆ ಸಾಲದವರ ಮುಖದಲ್ಲಿರುವ ದಣಿವು ಮೇಜರನ ಮುಖದಲ್ಲಿ ಶಿವಶಂಕರನಿಗೆ ಕಾಣುತ್ತಿತ್ತು. ಆ ಕಾರಣಕ್ಕೇ ಅದರ ಕಣ್ಣನ್ನು ಅವನು ಹೆಚ್ಚು ಹೊತ್ತು ನೋಡುತ್ತಿರಲಿಲ್ಲ.

ಅಂಗಳಕ್ಕೆ ಕಾಲಿಡುತ್ತಲೇ ಇವತ್ತು ಬೇರೆ ದಿನ ಎಂದು ತಿಳಿಯಿತು. ನೆಲ ಸಾರಿಸಿತ್ತು. ಬೇವಿನ ಕಟ್ಟೆಗೆ ಕೆಮ್ಮಣ್ಣು ಬಳಿದಿತ್ತು. ಕಾರ್ಯದರ್ಶಿಗಳ ತಾಯಿ ಉಚ್ಚಂಗೆಮ್ಮ, ಎಪ್ಪತ್ತೈದರ ಮುದುಕಿ, ಬಾಳೆಹಣ್ಣಿನ ಗೊನೆಯೊಂದನ್ನು ಮುಂದಿಟ್ಟುಕೊಂಡು ಒಂದೊಂದೇ ಹಣ್ಣು ಕೀಳುತ್ತಿದ್ದಳು.

‘ಬಾರಪ್ಪ. ಇವತ್ತು ಅದನ್ನ ಲಕಲಕಾ ಅನ್ನಂಗ ಮಾಡು. ಹರಕಿ ತೀರಸ್ತೀನಿ. ಗೊರವರು ಬರ್ತಾರ.’

‘ಎಲ್ಲಿಯವರ್ರಿ?’ ಬಾಯಿ ತಾನಾಗಿ ಕೇಳಿತು.

‘ಇನ್ನೆಲ್ಲಿಯವ್ರು? ನನ್ನ ತವರುಮನಿ ಕಡಿಯವರು. ಹಿರೇಹಡಗಲಿಯವರು. ಐದು ಮಂದಿ. ಮೈಲಾರದಪ್ಪನ ನಾಯಿಗಳಿಗೆ ದೋಣಿ ತುಂಬಸ್ತೀನಿ ಅಂತ ಹ್ವಾದ ವರ್ಷ ಬೇಡ್ಕಂಡಿದ್ದೆ. ನಿನಗ ಗೊತ್ತಲ್ಲ, ಅದರ ಮೈಯಾಗಿನ ಹುಣ್ಣು.’

ಗೊತ್ತಿತ್ತು. ಮೈಲಾರಲಿಂಗನ ಗೊರವರು ಏನು ಮಾಡುತ್ತಾರೆಂಬುದು ಮುದುಕಿಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಕರಿಯ ಕಂಬಳಿ, ಕವಡೆಯ ಸರ, ಹೆಗಲಲ್ಲಿ ಅರಿಶಿನದ ಭಂಡಾರದ ಚೀಲ. ಹರಕೆ ಹೊತ್ತವರ ಅಂಗಳದಲ್ಲಿ ಮರದ ದೋಣಿಗಳನ್ನಿಟ್ಟು ಹಾಲು, ತುಪ್ಪ, ಸಕ್ಕರೆ, ಬಾಳೆಹಣ್ಣು ತುಂಬಿಸಿಕೊಳ್ಳುತ್ತಾರೆ. ಆಮೇಲೆ ದೇವರ ನಾಯಿಗಳಾಗುತ್ತಾರೆ. ಕೈಕಾಲೂರಿ, ಬೊಗಳುತ್ತ, ಒಬ್ಬರನ್ನೊಬ್ಬರು ಗುರುಗುಟ್ಟಿಕೊಳ್ಳುತ್ತ ಬಾಯಿ ಹಚ್ಚಿ ತಿನ್ನುತ್ತಾರೆ. ಏಳನೆಯ ಇಯತ್ತೆಯಲ್ಲಿದ್ದಾಗ ಗೆಳೆಯನ ಮನೆಗೆ ಹೋಗಿ ಜನರ ಸಂದಿಯಲ್ಲಿ ತೂರಿ ನೋಡಿದರೆ ಹಾಗೆ ಕೈಕಾಲೂರಿದ್ದ ಬೆನ್ನೊಂದು ಅವನಿಗೆ ಗುರುತಿನದಾಗಿತ್ತು. ಅಪ್ಪ ತಲೆ ಎತ್ತಿದ. ಗಡ್ಡದಲ್ಲಿ ಹಾಲು. ಮಗನನ್ನು ನೋಡಿ, ನಾಯಿಯಾಗಿರುವಾಗಲೂ ನಗಬಹುದು ಎಂಬಂತೆ, ನಕ್ಕ. ಮರುದಿನದಿಂದ ಶಾಲೆಯಲ್ಲಿ ಅವನ ಹಾಜರಿ ಕೂಗಿದಾಗ ‘ಎಸ್ ಸರ್’ ಎನ್ನುವ ಮೊದಲೇ ಹಿಂದಿನ ಬೆಂಚಿನಿಂದ ಬೌ ಎಂಬ ಉತ್ತರ ಬರುತ್ತಿತ್ತು. ‘ದೇವರ ಮನಿ ನಾಯಿ ಆಗ್ಬೇಕಂದ್ರ ಬಾಳ ಜನ್ಮದ ಪುಣ್ಯ ಬೇಕಲೇ’ ಎಂದು ಅಪ್ಪ ಸಮಾಧಾನ ಹೇಳಿದ್ದ. ಅಷ್ಟು ಪುಣ್ಯ ತನಗೆ ಬೇಡವೆಂದೇ ಶಿವಶಂಕರ ಓದಿದ. ಹೆಸರಿನ ಮುಂದಿನ ‘ಎಂ’ ಏನೆಂದು ಯಾರಾದರೂ ಕೇಳಿದರೆ ‘ಮಲ್ಲಿಕಾರ್ಜುನ’ ಎಂದು ಹೇಳುವಷ್ಟು ಓದಿದ. ಅಪ್ಪನ ಹೆಸರು ಮೈಲಾರಲಿಂಗಪ್ಪ. ಹಿರೇಹಡಗಲಿ ಕಡೆಯಿಂದ ಐದು ಗೊರವರು ಹೊರಟರೆ ಅವರಲ್ಲಿ ಒಬ್ಬ ಮೈಲಾರಲಿಂಗಪ್ಪ ಆಗಿರದೆ ಹೋಗುವುದು ಆ ಸೀಮೆಯಲ್ಲಿ ಸಾಧ್ಯವಿರಲಿಲ್ಲ.

ಅಪ್ಪನಿಗೆ ಕೊಟ್ಟೂರಿಗೆ ಬರಬೇಡ ಎಂದು ಅವನು ಎಂದೂ ಹೇಳಿರಲಿಲ್ಲ. ಅಷ್ಟು ಕಟುಕನಲ್ಲ ಅವನು. ಬಸ್ಸುಗಳು ಸರಿ ಇಲ್ಲ ಎಂದಿದ್ದ, ಮನೆ ಸಣ್ಣದು ಎಂದಿದ್ದ, ಪರೀಕ್ಷೆಯ ಕಾಲ ಎಂದಿದ್ದ. ಮದುವೆಯ ದಿನ ಕಂಬಳಿ ಬಿಟ್ಟು ಬಾ ಎಂದು ಮಾತ್ರ ಬಾಯಿಬಿಟ್ಟು ಹೇಳಿದ್ದ; ಅಪ್ಪ ಯಾರದೋ ಬಿಳಿಯ ಅಂಗಿ ಹಾಕಿಕೊಂಡು ಬಂದು, ತೋಳು ಗಿಡ್ಡವಾಗಿ, ಇಡೀ ದಿನ ಮೊಣಕೈಗಳನ್ನು ಹಿಡಿದುಕೊಂಡು ಚಳಿಯಾದವನಂತೆ ಕೂತಿದ್ದ.

ಈಗ ತಲೆನೋವು ಎಂದು ಹೇಳಿ ಹೊರಟುಬಿಡಬಹುದಿತ್ತು. ಆದರೆ ಬಿಳಿಯ ಪಂಚೆ ಉಟ್ಟ ವೀರಭದ್ರಯ್ಯನವರು ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅವರ ಕೈಯಲ್ಲಿ ಶಾಲೆಯ ಕಡತವಿತ್ತು. ‘ಚಲೋ ಆತು ಬಂದ್ರಿ. ಲಿಸ್ಟಿಗೆ ಸಂಜೀಕ ರುಜು ಹಾಕ್ತೀನಿ. ನೀವು ಮೇಜರಂದು ಮುಗಸ್ರಿ ಮೊದಲು’ ಎಂದು ಕಡತವನ್ನು ಕಂಕುಳಲ್ಲಿಟ್ಟುಕೊಂಡು ಒಳಹೋದರು. ಕಡತ ಒಳಗೆ ಹೋದ ಮೇಲೆ ತಲೆನೋವು ಬರುವುದು ಹೇಗೆ? ಶಿವಶಂಕರ ಅಂಗಿಯ ತೋಳು ಮಡಿಸಿದ.

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಬಿಸಿಲಿಗೆ ಹೆದರಿ ಮೇಜರನ ಒಳಪದರ ಕಳಚತೊಡಗಿತ್ತು. ಮೇಲಿನ ಒರಟು ಕೂದಲನ್ನು ಎಡಗೈಯಿಂದ ಸರಿಸಿದರೆ ಅಡಿಯಲ್ಲಿ ಹಾಲಿನ ಕೆನೆಯ ಬಣ್ಣದ ಮೆತ್ತನೆಯ ಉಣ್ಣೆ, ಬೇರು ಬಿಟ್ಟರೂ ಜಾಗ ಬಿಡದೆ ಕೂತದ್ದು. ಪುಸ್ತಕದಲ್ಲಿ ಬಿಳಿಯ ಹೆಂಗಸೊಬ್ಬಳು ಇಂಥದೇ ನಾಯಿಯನ್ನು ಮೇಜಿನ ಮೇಲೆ ನಿಲ್ಲಿಸಿ ನಗುತ್ತ ಬಾಚುತ್ತಿರುವ ಚಿತ್ರವಿತ್ತು. ಮೇಜರನನ್ನು ಮೇಜಿನ ಮೇಲೆ ಹತ್ತಿಸಲು ಮಿಲ್ಲಿನ ನಾಲ್ವರು ಹಮಾಲರು ಬೇಕು; ಆಮೇಲೆ ಹೊಸ ಮೇಜೊಂದು ಬೇಕು. ಮೊದಲ ವಾರ ಅವನು ಪುಸ್ತಕವನ್ನು ಕಟ್ಟೆಯ ಮೇಲೆ ತೆರೆದಿಟ್ಟು ಕಬ್ಬಿಣದ ಬ್ರಷ್ಷಿನಿಂದ ಎಳೆದ. ನಾಯಿ ಕೂಗಲಿಲ್ಲ, ಕಚ್ಚಲಿಲ್ಲ. ನಿಟ್ಟುಸಿರು ಬಿಟ್ಟು ಎದ್ದುಹೋಯಿತು. ಎರಡನೆಯ ವಾರ ಬ್ರಷ್ಷನ್ನು ಬದಿಗಿಟ್ಟು ಬೆರಳುಗಳನ್ನು ಇಳಿಸಿದ. ಬೆರಳುಗಳಿಗೆ ಗೊತ್ತಿತ್ತು. ಬುಡವನ್ನು ಎಡಗೈಯಲ್ಲಿ ಒತ್ತಿ ಹಿಡಿ, ಚರ್ಮ ಜಗ್ಗಬಾರದು. ತುದಿಯಿಂದ ಬಿಡಿಸುತ್ತ ಬುಡಕ್ಕೆ ಬಾ. ಸಿಕ್ಕನ್ನು ಕೀಳಬೇಡ, ಅಡ್ಡಡ್ಡ ಹಿಂಜು. ಬಿಡಿಸಿದ್ದನ್ನು ಹೆಬ್ಬೆರಳಿಗೆ ಎರಡು ಸುತ್ತು ಸುತ್ತಿ ಸುರುಳಿ ಮಾಡಿ ಪಕ್ಕಕ್ಕಿಡು, ಗಾಳಿಗೆ ಹಾರುವುದಿಲ್ಲ. ಇದನ್ನು ಯಾವ ಪುಟದಲ್ಲೂ ಬರೆದಿರಲಿಲ್ಲ. ಅವ್ವ ನಾಗಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುರಿಯ ಉಣ್ಣೆ ಹಿಂಜುತ್ತ, ಪಕ್ಕದಲ್ಲಿ ಕೂತ ಅವನ ಬೆರಳುಗಳ ಮೇಲೆ ತನ್ನ ಬೆರಳಿಟ್ಟು ಕಲಿಸಿದ್ದು. ಅವನು ಅದನ್ನು ಮರೆತಿದ್ದ; ಮರೆತಿದ್ದೇನೆಂದು ಎಲ್ಲರಿಗೂ ಹೇಳಿದ್ದ. ‘ಪುಸ್ತಕದಾಗ ಹಂಗ ಐತೇನ್ರಿ?’ ಎಂದು ಕಾರ್ಯದರ್ಶಿ ನೋಡಿ ಕೇಳಿದಾಗ, ‘ಹೌದ್ರಿ ಸರ್, ಫಿಂಗರ್ ಮೆಥಡ್ ಅಂತಾರ’ ಎಂದ. ಆ ಮೆಥಡ್ಡಿಗೆ ಇಂಗ್ಲಿಷ್ ಹೆಸರು ಬಂದ ಮೇಲೆ ಅದು ಅವನ ಅವ್ವನದಾಗಿ ಉಳಿಯಲಿಲ್ಲ. ಎಷ್ಟು ಸುಲಭ.

ಹುಣ್ಣಿನ ಕಥೆಯೂ ಹಾಗೆಯೇ. ಹೋದ ಬೇಸಿಗೆಯಲ್ಲಿ ನಾಯಿಗೆ ಸೆಕೆಯಾಗುತ್ತದೆಂದು ದಿನಕ್ಕೆರಡು ಸಲ ಮಿಲ್ಲಿನ ಪಂಪಿನಡಿ ನಿಲ್ಲಿಸಿ, ಮನೆಯವರ ಪರಿಮಳದ ಸಾಬೂನು ಹಚ್ಚಿ, ಒದ್ದೆ ಮೈಯಲ್ಲೇ ನೆರಳಿಗೆ ಕಟ್ಟುತ್ತಿದ್ದರು. ಮೇಲಿನ ಕೂದಲು ಒಣಗಿ ಹೊಳೆಯುತ್ತಿತ್ತು, ಅಡಿಯ ಉಣ್ಣೆ ಒದ್ದೆ ಗೋಣಿಯಂತೆ ಕೊಳೆಯುತ್ತಿತ್ತು. ಬೆನ್ನಿಗೆ ಅಂಗೈಯಗಲದ ಹುಣ್ಣುಗಳೆದ್ದವು. ತೊಳೆದ ಉಣ್ಣೆಯನ್ನು ಬಿಸಿಲು ಏರುವ ಮೊದಲೇ ಬಿಡಿಸಿ ಹರವದಿದ್ದರೆ ನಾರುತ್ತದೆಂಬುದು ಅವನ ಊರಿನ ಕೂಸಿಗೂ ಗೊತ್ತು. ಅವನು ಸ್ನಾನ ನಿಲ್ಲಿಸಿ, ಸಿಕ್ಕನ್ನೆಲ್ಲ ಹಿಂಜಿ ತೆಗೆದು, ಟೇಬಲ್ ಫ್ಯಾನನ್ನು ಅಂಗಳಕ್ಕೆ ತರಿಸಿ, ಕರೆಂಟು ಇದ್ದಷ್ಟು ಹೊತ್ತು ಫ್ಯಾನಿನಿಂದ, ಇಲ್ಲದಾಗ ಮೊರದಿಂದ ಗಾಳಿ ಹಾಕಿದ. ಎರಡು ತಿಂಗಳಲ್ಲಿ ಹೊಸ ಕೂದಲು ಬಂತು. ಕೀರ್ತಿಯನ್ನು ಉಚ್ಚಂಗೆಮ್ಮ ಮೈಲಾರಲಿಂಗನಿಗೆ ಕೊಟ್ಟಳು, ವೀರಭದ್ರಯ್ಯನವರು ಪುಸ್ತಕಕ್ಕೆ ಕೊಟ್ಟರು. ಗಾಳಿ ಹಾಕಿದ ತೋಳಿನ ನೋವು ಮಾತ್ರ ಅವನ ಪಾಲಿಗೆ ಉಳಿಯಿತು.

ಹನ್ನೊಂದರ ಹೊತ್ತಿಗೆ ಕುತ್ತಿಗೆ, ಬೆನ್ನು, ಎರಡೂ ತೊಡೆ ಮುಗಿದವು. ಪಕ್ಕದ ಮಂಕರಿಯಲ್ಲಿ ಕೆನೆಬಣ್ಣದ ಸುರುಳಿಗಳು ತುಂಬಿದ್ದವು. ಬಾಲಕ್ಕೆ ಬಂದಾಗ ಬೀದಿಯ ಕಡೆಯಿಂದ ಡಮರುಗದ ಸದ್ದು ಕೇಳಿಸಿತು. ಅವನ ಬೆರಳು ನಿಂತವು. ಮೇಜರ್ ತಲೆ ಎತ್ತಿ ಅವನನ್ನು ನೋಡಿತು, ಯಾಕೆ ನಿಲ್ಲಿಸಿದೆ ಎಂಬಂತೆ. ಹಿಮದಲ್ಲಿ ಹೂತುಹೋದವನ ಉಸಿರು ಇದಕ್ಕೆ ಒಂದು ಮೈಲಿ ದೂರದಿಂದ ಗೊತ್ತಾಗುತ್ತದೆಂದು ಪುಸ್ತಕದಲ್ಲಿ ಬರೆದಿತ್ತು.

‘ಏಳುಕೋಟಿ ಏಳುಕೋಟಿಗೋ!’

ಐದು ಕರಿಯ ಕಂಬಳಿಗಳು ಅಂಗಳಕ್ಕೆ ಬಂದವು. ಮುಂದಿನವ ಎರ್ರೆಪ್ಪ. ಶಿವಶಂಕರನ ಓಣಿಯವನೇ, ಚಿಕ್ಕಂದಿನಲ್ಲಿ ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೊಳೆಗೆ ಒಯ್ದವನು. ಮೂರನೆಯವನ ನಡಿಗೆಯನ್ನು ಮುಖ ನೋಡದೆಯೇ ಗುರುತಿಸಬಹುದಿತ್ತು. ಬಲಗಾಲು ಒಂಚೂರು ಹೊರಕ್ಕೆ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಎಂದಿನಿಂದ? ಶಿವಶಂಕರ ಬಾಲದ ಹಿಂದೆ ತಲೆ ಬಗ್ಗಿಸಿದ. ಎಂಬತ್ತೆರಡು ಕಿಲೋ ನಾಯಿಯ ಹಿಂದೆ ಐವತ್ತೆಂಟು ಕಿಲೋ ಮೇಷ್ಟ್ರು ಅಡಗಬಹುದು ಎಂದು ಆ ಕ್ಷಣಕ್ಕೆ ನಂಬಿದ್ದ.

‘ಲೇ! ಇವ ನಮ್ಮ...’ ಎರ್ರೆಪ್ಪ ಕಣ್ಣು ಕಿರಿದು ಮಾಡಿ ಒಂದು ಹೆಜ್ಜೆ ಮುಂದೆ ಬಂದ.

ಹಿಂದಿನಿಂದ ಅಪ್ಪ ಬೊಗಳಿದ. ಗಟ್ಟಿಯಾಗಿ, ಎರಡು ಸಲ. ದೋಣಿಯನ್ನು ಇನ್ನೂ ಚೀಲದಿಂದ ಹೊರಗೆ ತೆಗೆದಿರಲಿಲ್ಲ, ಬೊಗಳುವ ಹೊತ್ತಾಗಿರಲಿಲ್ಲ. ಎರ್ರೆಪ್ಪ ತಿರುಗಿ ಅವನನ್ನು ನೋಡಿದ. ಅಪ್ಪ ಏನೂ ಆಗದವನಂತೆ ಚೀಲ ಬಿಚ್ಚತೊಡಗಿದ. ಎರ್ರೆಪ್ಪ ಬಾಯಿ ಮುಚ್ಚಿಕೊಂಡ. ಉಚ್ಚಂಗೆಮ್ಮನಿಗೆ ಬಲು ಖುಷಿಯಾಯಿತು. ‘ನೋಡಪ್ಪ, ಅಂಗಳಕ್ಕ ಕಾಲಿಟ್ಟಗೂಡ್ಲೆ ಮೈಮ್ಯಾಲೆ ಬಂತು!’ ಎಂದು ಕೈಮುಗಿದಳು. ಆಮೇಲೆ, ಮುದುಕಿಯರಿಗೆ ಸಹಜವಾದಂತೆ, ಎಲ್ಲರನ್ನೂ ಎಲ್ಲರಿಗೂ ಗಂಟು ಹಾಕುವ ಉತ್ಸಾಹ ಬಂದು, ‘ನೀನೂ ಹಡಗಲಿ ಕಡಿಯಾಂವ ಅಲ್ಲೇನಪ್ಪ ಮೇಷ್ಟ್ರ? ಇವರು ಪರಿಚಯ ಅದಾರೇನು ನಿನಗ?’ ಎಂದಳು.

ವೀರಭದ್ರಯ್ಯನವರೂ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದರು. ಅಪ್ಪ ದೋಣಿಯನ್ನು ಕಂಬಳಿಯ ಅಂಚಿನಿಂದ ಒರೆಸುತ್ತಿದ್ದ, ಒರೆಸಿದ ಜಾಗವನ್ನೇ ಮತ್ತೆ ಮತ್ತೆ.

‘ಇಲ್ರಿ ಅವ್ವಾರ’ ಎಂದ ಶಿವಶಂಕರ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ‘ನಮ್ಮದು ಹಡಗಲಿ ಪ್ಯಾಟಿ. ಇವರು ಹಳ್ಳಿಯವರು.’ ಇಂಗ್ಲಿಷ್ ಮೇಷ್ಟ್ರಲ್ಲವೇ, ಒಂದು ವಾಕ್ಯವಾದ ಮೇಲೆ ಉದಾಹರಣೆ ಕೊಟ್ಟು ಅಭ್ಯಾಸ.

‘ಹೌದ್ರೆವ್ವ’ ಎಂದ ಅಪ್ಪ, ದೋಣಿಯಿಂದ ಕಣ್ಣೆತ್ತದೆ. ‘ನಾವು ಹಳ್ಳಿ ಮಂದಿ. ಪ್ಯಾಟಿಯವರು ನಮಗೆಲ್ಲಿ ಸಿಗ್ತಾರ್ರಿ.’ ಆಮೇಲೆ ಎದ್ದು ನಿಂತು, ಎರಡೂ ಕೈ ಜೋಡಿಸಿ, ‘ನಮಸ್ಕಾರ್ರಿ ಸಾರ್’ ಎಂದ. ಆ ‘ಸಾರ್’ನಲ್ಲಿ ಕುಹಕವಿದ್ದಿದ್ದರೆ ಶಿವಶಂಕರನಿಗೆ ಸುಲಭವಾಗುತ್ತಿತ್ತು. ಅವನು ಹುಡುಕಿದ, ಸಿಗಲಿಲ್ಲ.

ದೋಣಿ ತುಂಬಿದರು. ಹಾಲು, ತುಪ್ಪ, ಸಕ್ಕರೆ, ಹಿಸುಕಿದ ಬಾಳೆಹಣ್ಣು. ಮೇಜರನನ್ನು ಹತ್ತಿರ ತಂದು ನಿಲ್ಲಿಸಬೇಕೆಂದು ಮುದುಕಿ ಹೇಳಿದಳು. ಹರಕೆ ಅದರದೇ ಅಲ್ಲವೇ. ಶಿವಶಂಕರ ಸರಪಳಿಯನ್ನು ಮುಂಗೈಗೆ ಸುತ್ತಿಕೊಂಡು, ಆದಷ್ಟು ದೂರದಲ್ಲಿ, ಆದಷ್ಟು ಪಕ್ಕಕ್ಕೆ ತಿರುಗಿ ನಿಂತ. ಗೊರವರು ನೆಲಕ್ಕೆ ಭಂಡಾರ ಎರಚಿ ಕೈಕಾಲೂರಿದರು. ಬೊಗಳಿಕೆ ಎದ್ದಿತು. ನೋಡದಿರಲು ಅವನು ಬೇವಿನ ಎಲೆ ಎಣಿಸತೊಡಗಿದ. ಮೇಜರ್ ಊರಿಗೆ ಬಂದಂದಿನಿಂದ ಬೊಗಳಿದ್ದನ್ನು ಯಾರೂ ಕೇಳಿರಲಿಲ್ಲ. ಎದುರಿಗೆ ಐದು ಮಂದಿ ಮುದುಕರು ತನ್ನ ಭಾಷೆಯನ್ನು ತನಗಿಂತ ಚೆನ್ನಾಗಿ ಆಡುವುದನ್ನು ಕಂಡು ಅದು ಕಿವಿ ನಿಮಿರಿಸಿತು. ಆಮೇಲೆ ಹಾಲಿನ ವಾಸನೆ ಬಂತು. ಎಂಬತ್ತೆರಡು ಕಿಲೋ ಒಮ್ಮೆಲೇ ಹೊರಟಿತು. ಸರಪಳಿ ಮುಂಗೈಯಲ್ಲಿತ್ತು. ಶಿವಶಂಕರ ಎರಡು ಹೆಜ್ಜೆ ಓಡಿದ, ಮೂರನೆಯದಕ್ಕೆ ಮುಗ್ಗರಿಸಿ, ಸಾರಿಸಿದ ನೆಲದ ಮೇಲೆ ಎರಡೂ ಅಂಗೈ, ಎರಡೂ ಮೊಣಕಾಲು ಊರಿ ಬಿದ್ದ.

ಬಿದ್ದದ್ದು ದೋಣಿಯ ಮುಂದೆ. ಮೇಜರ್ ತನ್ನ ದೊಡ್ಡ ಮೂತಿಯನ್ನು ದೋಣಿಯಲ್ಲಿ ಮುಳುಗಿಸಿತ್ತು. ದೋಣಿಯ ಆ ಬದಿಯಲ್ಲಿ ಗಡ್ಡದಲ್ಲಿ ಹಾಲು ಹತ್ತಿದ ಅಪ್ಪನ ಮುಖ, ಗೇಣು ದೂರದಲ್ಲಿ. ಅಪ್ಪ ನಾಯಿಯನ್ನು ಅಟ್ಟಲಿಲ್ಲ. ಅದಕ್ಕೆ ಜಾಗ ಮಾಡಿ ಪಕ್ಕಕ್ಕೆ ಸರಿದ. ಮುದುಕಿ ‘ಮೈಲಾರಪ್ಪಾ!’ ಎಂದು ಕೂಗಿ ಅಳತೊಡಗಿದಳು. ದೇವರೇ ನಾಯಿಯಾಗಿ ಬಂದು ದೋಣಿ ಮುಟ್ಟಿದನೆಂದು ಅವಳ ಲೆಕ್ಕ. ಆ ಲೆಕ್ಕದಲ್ಲಿ ಮೇಷ್ಟ್ರು ಯಾವ ಪಾತ್ರವೆಂದು ಅವಳು ಹೇಳಲಿಲ್ಲ. ಕೈಕಾಲೂರಿದ ಶಿವಶಂಕರನಿಗೆ ಏಳಲು ಸಾಧ್ಯವಿತ್ತು, ಯಾಕೋ ಏಳಲಿಲ್ಲ. ಇಷ್ಟು ಕೆಳಗಿನಿಂದ ಅಂಗಳ ಬೇರೆಯದೇ ಆಗಿ ಕಾಣುತ್ತಿತ್ತು. ನಿಂತವರ ಕಾಲುಗಳಷ್ಟೇ ಕಾಣುತ್ತಿದ್ದವು, ಮುಖಗಳಿರಲಿಲ್ಲ. ಹೀಗಿದ್ದರೆ ಯಾರು ನಗುತ್ತಿದ್ದಾರೆಂದು ತಿಳಿಯುವುದೇ ಇಲ್ಲ. ಅಪ್ಪನಿಗೆ ನಗಲು ಬರುತ್ತಿದ್ದುದು ಇದಕ್ಕೇ ಏನೋ.

‘ಏಳ್ರಿ ಸಾರ್’ ಎಂದ ಅಪ್ಪ, ತುಟಿ ಅಲುಗದಷ್ಟು ಮೆಲ್ಲಗೆ. ‘ಪ್ಯಾಂಟಿಗೆ ಭಂಡಾರ ಹತ್ತತೈತಿ.’

ಸೇವೆ ಮುಗಿದ ಮೇಲೆ ಗೊರವರು ಕೈಬಾಯಿ ತೊಳೆದು ಮನುಷ್ಯರಾಗಿ ಕಟ್ಟೆಯ ಮೇಲೆ ಕೂತರು, ಎಲೆ ಅಡಿಕೆ ಹಾಕಿಕೊಂಡರು, ಬಸ್ಸಿನ ಮಾತಾಡಿದರು. ಮೇಜರ್ ಮೂತಿ ನೆಕ್ಕಿಕೊಳ್ಳುತ್ತ ಬಂದು ಅಪ್ಪನ ಕಾಲ ಬಳಿ ದೊಪ್ಪನೆ ಮಲಗಿತು. ಅಪ್ಪ ಅದರ ಬೆನ್ನ ಮೇಲೆ ಕೈಯಿಟ್ಟ. ಕೈ ಅಲ್ಲೇ ನಿಂತಿತು. ಬೆರಳಿನಿಂದ ಮೇಲಿನ ಕೂದಲು ಸರಿಸಿ ಬುಡ ನೋಡಿದ. ಆಮೇಲೆ ಮಂಕರಿಯ ಕಡೆ ತಿರುಗಿ, ಒಂದು ಸುರುಳಿ ಎತ್ತಿ, ಹೆಬ್ಬೆರಳಿಗೆ ಸುತ್ತಿದ ಎರಡು ಸುತ್ತನ್ನು ಬಿಚ್ಚಿ ನೋಡಿದ. ಬಹಳ ಹೊತ್ತು ನೋಡಿದ.

‘ಇದನ್ನ ಯಾರು ಹಿಂಜಿದ್ರೆವ್ವ?’

‘ನಮ್ಮ ಮೇಷ್ಟ್ರು’ ಎಂದಳು ಉಚ್ಚಂಗೆಮ್ಮ. ‘ಇಂಗ್ಲೀಷ್ ಪುಸ್ತಕ ಓದಿ ಕಲ್ತಾನಪ್ಪ. ಬಾಳ ಶಾಣ್ಯಾ.’

‘ಹೌದೇನ್ರಿ?’ ಅಪ್ಪ ಸುರುಳಿಯನ್ನು ಮತ್ತೆ ಹಾಗೆಯೇ ಸುತ್ತಿದ. ‘ಪುಸ್ತಕದಾಗ ಬಾಳ ಚಲೋ ಬರದಾರ. ನಮ್ಮ ಮನ್ಯಾಕಿನೂ ಹಿಂಗಾ ಸುತ್ತತಾಳ. ಆಕಿ ಯಾವ ಪುಸ್ತಕ ಓದ್ಯಾಳೋ.’ ಎರ್ರೆಪ್ಪ ಕೆಮ್ಮಿದ. ಅಪ್ಪ ಅವನ ಕಡೆ ನೋಡದೆ ಮುದುಕಿಗೆ ಕೈಮುಗಿದ. ‘ಎವ್ವ, ಇದನ್ನ ಎಸಿತೀರೇನು? ಎಸಿಯಾದಿದ್ರ ನನಗ ಕೊಡ್ರಿ. ಮನ್ಯಾಕಿಗೆ ತೋರಸ್ತೀನಿ. ಕಣ್ಣು ಮಂಜಾಗ್ಯಾವು, ಆದ್ರ ಮುಟ್ಟಿದ್ರ ಗೊತ್ತಾಗತೈತಿ ಆಕಿಗೆ.’

‘ತಗಂಡು ಹೋಗಪ್ಪ, ನಾಯಿ ಕೂದಲಕ್ಕ ಏನೈತಿ. ಮೇಷ್ಟ್ರ, ಒಂದು ಅರಿವ್ಯಾಗ ಕಟ್ಟಿ ಕೊಡು.’

ಕಟ್ಟಿ ಕೊಟ್ಟ. ಅಪ್ಪ ಗಂಟನ್ನು ಎರಡೂ ಕೈಯಲ್ಲಿ, ದೊಡ್ಡವರು ಕೊಟ್ಟದ್ದನ್ನು ತೆಗೆದುಕೊಳ್ಳುವಂತೆ, ತೆಗೆದುಕೊಂಡ. ಚೀಲದಲ್ಲಿ ಹೆಬ್ಬೆರಳು ಅದ್ದಿ ಅವನ ಹಣೆಗೆ ಭಂಡಾರ ಹಚ್ಚಿದ. ಬೆರಳು ಒರಟಾಗಿತ್ತು, ಬೆಚ್ಚಗಿತ್ತು, ಹಾಲಿನ ವಾಸನೆ ಬರುತ್ತಿತ್ತು. ಎಲ್ಲರಿಗೂ ಹಚ್ಚಿದಷ್ಟೇ ಹಚ್ಚಿದ; ಒಂದು ಚಿಟಿಕೆಯೂ ಹೆಚ್ಚಿಲ್ಲ. ಐದು ಕಂಬಳಿಗಳು ಬೀದಿಗಿಳಿದವು.

‘ಹಡಗಲಿ ಬಸ್ಸು ಎರಡಕ್ಕೈತಿ. ಸಿಗ್ತತಿ ಅವರಿಗೆ’ ಎಂದು ವೀರಭದ್ರಯ್ಯನವರು ಕಡತದೊಂದಿಗೆ ಹೊರಗೆ ಬಂದು ಕುರ್ಚಿಯಲ್ಲಿ ಕೂತರು. ಸಂಜೆಯವರೆಗೆ ಕಾಯಬೇಕೆಂದು ಅವರಿಗೂ ಅನ್ನಿಸಿರಲಿಕ್ಕಿಲ್ಲ. ‘ಲಿಸ್ಟಿನಾಗ ಇನಿಷಿಯಲ್ ನಡಿಯಂಗಿಲ್ಲಂತ್ರಿ ಮೇಷ್ಟ್ರ. ತಂದಿ ಹೆಸರು ಪೂರ್ತಿ ಬೇಕಂತ. ಟೈಪ್ ಮಾಡ್ಸೀನಿ. ಸರಿ ಐತೇನು ನೋಡ್ರಿ.’

ಎರಡನೆಯ ಸಾಲು. ಶಿವಶಂಕರ, ತಂದೆ ಮೈಲಾರಲಿಂಗಪ್ಪ, ಹಿರೇಹಡಗಲಿ. ಕೆಳಗೆ ತಾರೀಖು ಕಳೆದ ಬುಧವಾರದ್ದು. ರುಜುವೂ ಆಗಲೇ ಬಿದ್ದಿತ್ತು.

‘ಸರ್, ನಿಮಗ ಇದು ಯಾವಾಗ...’

‘ಏನು ಯಾವಾಗ? ಏಳು ವರ್ಷ ಆತಲ್ರಿ. ನಿಮ್ಮ ಸರ್ಟಿಫಿಕೇಟೆಲ್ಲ ನಮ್ಮ ಕಪಾಟಿನಾಗ ಅದಾವು.’ ಅವರು ಕನ್ನಡಕ ಒರೆಸಿಕೊಂಡರು. ‘ಮತ್ತ ನಾಯಿ ನಿಮ್ಮ ಕೈಗೆ ಯಾಕ ಕೊಟ್ಟೆ ಅಂದ್ಕಂಡ್ರಿ? ಇಂಗ್ಲೀಷ್ ಓದಾಕ ನನ್ನ ಸೊಸಿ ಅದಾಳ, ಕಾನ್ವೆಂಟಿನ್ಯಾಗ ಓದಿದಾಕಿ. ಉಣ್ಣಿ ಗೊತ್ತಿರೋ ಕೈ ಬೇಕಾಗಿತ್ತು. ಪುಸ್ತಕ ಸುಮ್ನ ನಿಮ್ಮ ಮರ್ಯಾದಿಗೆ ಕೊಟ್ಟಿದ್ದು.’ ಅವರ ದನಿಯಲ್ಲಿ ಕೇಡಿರಲಿಲ್ಲ. ಶೇಂಗಾ ಯಾವ ಹೊಲದ್ದೆಂದು ಹೇಳುವಾಗಿನ ಖಚಿತತೆಯಷ್ಟೇ ಇತ್ತು. ‘ಅವ್ವನ ತವರಿನ್ಯಾಗ ಕೇಳೀನಿ, ನಿಮ್ಮ ತಂದಿಯವರು ಬಾಳ ಒಳ್ಳೇ ಮನುಷ್ಯಾರ್ರಿ. ಇವತ್ತು ಇಲ್ಲೇ ಊಟಕ್ಕ ನಿಲ್ಲಸ್ಬೇಕಂತ ಮಾಡಿದ್ದೆ, ಅಪ್ಪ ಮಗ ಕೂಡಿ ಉಣ್ಲಿ ಅಂತ. ನೀವು ನೋಡಿದ್ರ ಪರಿಚಯಿಲ್ಲ ಅಂದ್ರಿ. ಏನೋ ಮನಿ ಜಗಳ ಇರಬೇಕಂತ ನಾ ಬಾಯಿ ಹಾಕ್ಲಿಲ್ಲ.’

ಶಿವಶಂಕರ ಕಾಗದವನ್ನು ಹಿಂದಕ್ಕೆ ಕೊಟ್ಟ. ಸರಿ ಇದೆ ಎಂದ. ಹಾಗಾದರೆ ಅಂಗಳದಲ್ಲಿ ಗೊತ್ತಿಲ್ಲದವರು ಯಾರಿದ್ದರು? ಕಾರ್ಯದರ್ಶಿಗೆ ಗೊತ್ತಿತ್ತು, ಎರ್ರೆಪ್ಪನಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು. ಮುದುಕಿಯೊಬ್ಬಳನ್ನು ನಂಬಿಸಲು ಅವನು ಅಷ್ಟು ದೊಡ್ಡ ಸುಳ್ಳನ್ನು ಹೇಳಿದ್ದ. ಅವಳು ಕೇಳಿದ್ದೂ ಮಾತಿಗೊಂದು ಮಾತೆಂದು. ಏಳು ವರ್ಷ ಬಚ್ಚಿಟ್ಟುಕೊಂಡದ್ದು ಕಪಾಟಿನಲ್ಲಿ, ಇನ್ನೊಬ್ಬರ ಕೀಲಿಕೈಯಡಿ, ಭದ್ರವಾಗಿ ಇತ್ತು. ಅವನು ಹೊರಟ. ‘ಬಾಲ ಉಳದೈತಲ್ರಿ ಮೇಷ್ಟ್ರ’ ಎಂದು ವೀರಭದ್ರಯ್ಯನವರು ಹಿಂದಿನಿಂದ ನೆನಪಿಸಿದರು.

ಬೀದಿಯಲ್ಲಿ ಮೊದಲು ಬೇಗ ನಡೆದ, ಆಮೇಲೆ ಓಡಿದ. ಮೇಷ್ಟ್ರು ಓಡುವುದನ್ನು ಕೊಟ್ಟೂರು ಮೊದಲ ಸಲ ನೋಡಿತು. ಬಸ್ ನಿಲ್ದಾಣದೆದುರಿನ ಚಹಾದಂಗಡಿಯ ಮುಂದಿದ್ದ ಅವನ ಹಳೆಯ ವಿದ್ಯಾರ್ಥಿಗಳಿಬ್ಬರು ಎದ್ದು ನಿಂತು ನಮಸ್ಕಾರ ಹೇಳಿದರು, ಅವನು ಹೋದ ಮೇಲೆ ಕೂತರು. ಬಸ್ ನಿಲ್ದಾಣದಲ್ಲಿ ಹಡಗಲಿಯ ಕೆಂಪು ಬಸ್ಸು ಎಂಜಿನ್ ಚಾಲೂ ಮಾಡಿ ನಡುಗುತ್ತ ನಿಂತಿತ್ತು. ಹಿಂದಿನಿಂದ ಮೂರನೆಯ ಕಿಟಕಿಯಲ್ಲಿ ಕರಿಯ ಕಂಬಳಿ, ಬಿಳಿಯ ಗಡ್ಡ, ತೊಡೆಯ ಮೇಲೆ ಗಂಟು.

‘ಅಪ್ಪಾ’ ಎಂದ ಕಿಟಕಿಯ ಕೆಳಗೆ ನಿಂತು. ಎಂಜಿನ್ನಿನ ಸದ್ದಿಗೆ ಅವನಿಗೇ ಕೇಳಿಸಲಿಲ್ಲ. ‘ಅಪ್ಪಾ!’ ಎಂದು ಕೂಗಿದ. ತರಗತಿಯಲ್ಲೂ ಅಷ್ಟು ಗಟ್ಟಿಯಾಗಿ ಕೂಗಿದವನಲ್ಲ. ಹೂವಿನ ಬುಟ್ಟಿಯ ಹೆಂಗಸು ತಿರುಗಿದಳು, ಕಂಡಕ್ಟರ್ ತಿರುಗಿದ, ಬಸ್ಸಿನ ಆ ಬದಿಯ ಎಲ್ಲ ಕಿಟಕಿಗಳೂ ತಿರುಗಿದವು. ಅಪ್ಪ ಮಾತ್ರ ಮೊದಲು ಅವನ ಹಿಂದೆ, ಅಕ್ಕಪಕ್ಕ ನೋಡಿದ. ಕಾರ್ಯದರ್ಶಿ ಅಯ್ಯನವರ ಮನೆಯವರು ಯಾರಾದರೂ ಬಂದಿರಬಹುದೇ ಎಂದು. ಬಂದಿರಲಿಲ್ಲ. ಆದರೆ ಚಹಾದಂಗಡಿಯ ಹುಡುಗರು ಇತ್ತಲೇ ನೋಡುತ್ತಿದ್ದರು. ಅಪ್ಪ ಅವರನ್ನೂ ನೋಡಿದ. ಆಮೇಲೆ ಮಗನ ಮುಖವನ್ನು ನೋಡಿ, ಹೆದರಬೇಡ ಎನ್ನುವಂತೆ ಕಣ್ಣು ಮುಚ್ಚಿ ತೆರೆದು, ಮುಖವನ್ನು ಒಳಕ್ಕೆ ತಿರುಗಿಸಿಕೊಂಡ.

‘ಯಜಮಾನ, ಯಾರೋ ಕರ್ಯಾಕತ್ಯಾರ ನೋಡು’ ಎಂದ ಕಂಡಕ್ಟರ್. ‘ಅಪ್ಪ ಅಂತಾರ. ನಿಮ್ಮವರೇನು?’

‘ಅಲ್ಲಪ್ಪ’ ಎಂದ ಅಪ್ಪ. ಗಂಟನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ‘ನಮಗೆಲ್ಲಿಯವರು ಅವರು? ಅಯ್ನೋರ ಮನಿ ಮೇಷ್ಟ್ರು. ನಾಯಿ ಮೈ ಬಾಚ್ತಾರ. ಬಾಳ ಚಲೋ ಕೈ.’

ಕಂಡಕ್ಟರ್ ಬಾಗಿಲಿಗೆ ಬಂದು ಶಿವಶಂಕರನನ್ನು ಮೇಲಿನಿಂದ ಕೆಳಗೆ ನೋಡಿದ. ಹಣೆಯಲ್ಲಿ ಭಂಡಾರ, ಮೊಣಕಾಲಲ್ಲಿ ಭಂಡಾರ, ಎರಡೂ ತೋಳಿನ ತುಂಬ ಕೆನೆಬಣ್ಣದ ಕೂದಲು. ನಂಬಲು ಅವನಿಗೆ ಕಷ್ಟವಾಗಲಿಲ್ಲ.

‘ರೈಟ್’ ಎಂದ.